ಚಾಕಲೇಟು ತಿಂದ ಚಿಕ್ಕೀರನ ಕುಸ್ತಿ

“ಇದರ ಒಂದು ತುಂಡು ತಿಂದರೆ ಹತ್ತಾಳಿನ ಬಲ! ನಾಳೆಯಿಂದ ನಮ್ಮ ಗರಡಿಯ ಪೈಲ್ವಾನರಿಗೆ ಹಾಲಿಲ್ಲ, ಬಾದಾಮಿಯಿಲ್ಲ, ಮುದ್ದೆಯೂ ಇಲ್ಲ. ಮೂರು ಹೊತ್ತೂ ಇದೇ!”

ಹುಲಿಗುಡ್ಡ ಸಂಸ್ಥಾನದ ದೊರೆ ಸೋಮಭೂಪಾಲ ಚಾಕಲೇಟಿನ ತುಂಡನ್ನು ಎತ್ತಿ ಹಿಡಿದು ಗುಡುಗಿದ. ಮದರಾಸಿನ ವ್ಯಾಪಾರಿಯೊಬ್ಬ ಅದನ್ನು ಗಾಡಿಗಟ್ಟಲೆ ಅವನಿಗೆ ಮಾರಿ ಹೋಗಿದ್ದ. ಪೈಲ್ವಾನರ ಹಾಲು ಇನ್ನು ಎಲ್ಲಿಗೆ? ಅರಮನೆಯ ಖೋವಾ ಕಡಾಯಿಗೆ. ಬೆವರು ಸುರಿಸುವವನ ತಟ್ಟೆಗೆ ಕೈಹಾಕಲು ದೊಡ್ಡವರಿಗೆ ಯಾವಾಗಲೂ ಒಂದು ಹೊಸ ಶಾಸ್ತ್ರ ಸಿಗುತ್ತದೆ.

ಹಿರಿಯ ಪೈಲ್ವಾನ್ ಮೈಲಾರಿ ನೇರ ಚಿಕ್ಕೀರನ ಮನೆಗೆ ಓಡಿದ. ಚಿಕ್ಕೀರ ಆಸ್ಥಾನದ ಹಾಸ್ಯಗಾರ. ಅವನ ಹೊಟ್ಟೆ ಮೊದಲು ಬಾಗಿಲು ದಾಟುತ್ತಿತ್ತು, ಅವನು ಆಮೇಲೆ.

“ಚಿಕ್ಕೀರಣ್ಣ, ದಸರೆಗೆ ಕರಿಕಲ್ಲು ಸಂಸ್ಥಾನದ ಪೈಲ್ವಾನನ ಜೊತೆ ನನ್ನ ಕುಸ್ತಿ. ಸೋತರೆ ಗರಡಿಯಿಂದಲೇ ಆಚೆಗೆ ಅಂದಿದ್ದಾರೆ ದೊರೆಗಳು. ಮಿಠಾಯಿ ತಿಂದು ಹೆಂಗಣ್ಣ ಹಿಡಿಯಲಿ ಅವನನ್ನ?”

“ಅಳಬೇಡ ಮಾರಾಯ. ನನ್ನ ತೋಳಲ್ಲಿ ಬಲವಿಲ್ಲ, ತಲೆಯೂ ಅಷ್ಟಕ್ಕಷ್ಟೆ. ಆದರೆ ಈ ಹೊಟ್ಟೆಯನ್ನು ಇಷ್ಟು ವರ್ಷ ಸಾಕಿದ್ದೇನೆ. ಒಂದು ಸಲವಾದರೂ ದುಡಿಯಲಿ.”

ಮರುದಿನ ಚಿಕ್ಕೀರ ದೊರೆಯ ಮುಂದೆ ಕೈಮುಗಿದ. “ಪ್ರಭು, ಗರಡಿಯಲ್ಲಿ ಹಳೆಯ ಕಟ್ಟಳೆಯೊಂದಿದೆ. ಪೈಲ್ವಾನರ ಊಟ ಬದಲಿಸುವವನು ಮೊದಲು ಎಂಟು ದಿನ ತಾನೇ ಅದನ್ನು ಉಣ್ಣಬೇಕು. ಆಮೇಲೆ ಲಂಗೋಟಿ ಕಟ್ಟಿ ಕೆಮ್ಮಣ್ಣಿನ ಕುಸ್ತಿಮಟ್ಟಿಗೆ ಇಳಿಯಬೇಕು. ಎದುರಾಳಿಯ ಒಂದು ಪಟ್ಟು ತಡೆದು ನಿಂತರೂ ಸಾಕು, ಹೊಸ ಊಟ ಸರಿ. ಬಿದ್ದರೆ ಹಳೆಯ ಊಟವೇ.”

ಪ್ರಜೆಗಳೆದುರು ಲಂಗೋಟಿಯಲ್ಲಿ ನಿಂತ ತನ್ನನ್ನು ನೆನೆದುಕೊಂಡು ದೊರೆ ಬೆವತ. “ಬೇರೆ ಯಾರಾದರೂ...”

“ನಾನಿದ್ದೇನಲ್ಲ ಪ್ರಭು! ತಿನ್ನುವ ಕೆಲಸಕ್ಕೆ ಈ ರಾಜ್ಯದಲ್ಲಿ ನನಗಿಂತ ಅನುಭವಸ್ಥ ಯಾರು? ಈ ದೇಹವನ್ನೇ ನಿಮ್ಮ ಚಾಕಲೇಟು ಎಬ್ಬಿಸಿ ನಿಲ್ಲಿಸಿದರೆ, ಮೈಲಾರಿಯ ಬಲ ಹೇಳಬೇಕೆ!”

ದೊರೆಗೆ ಖುಷಿಯೋ ಖುಷಿ. “ಹತ್ತಾಳಿನ ಬಲ! ಒಂದು ಪಟ್ಟೇನು, ಹತ್ತು ತಡೆಯುತ್ತೀಯ!”

ಎಂಟು ದಿನ ಚಿಕ್ಕೀರ ಬೇರೇನೂ ಮುಟ್ಟಲಿಲ್ಲ. ಮೊದಲ ದಿನ ಸ್ವರ್ಗ. ಮೂರನೆಯ ದಿನ ಪಕ್ಕದ ಮನೆಯ ಸಾರಿನ ವಾಸನೆಗೆ ಕಣ್ಣಲ್ಲಿ ನೀರು. ಆಮೇಲೆ ರಾತ್ರಿ ನಿದ್ದೆಯಿಲ್ಲ, ಹಗಲು ಎಚ್ಚರವಿಲ್ಲ, ಚೆಂಬು ಹಿಡಿದು ಹೋದರೆ ಬರಿಗೈಯಲ್ಲಿ ವಾಪಸು.

ಪರೀಕ್ಷೆಯ ದಿನ ಗರಡಿ ಕಿಕ್ಕಿರಿದಿತ್ತು. ಹೊಟ್ಟೆಯ ನೆರಳಲ್ಲಿ ಲಂಗೋಟಿ ಕಾಣದೆ ಜನ ಗಾಬರಿಯಾದರು. “ಇದೆ, ಇದೆ! ನನಗೂ ಕಂಡಿಲ್ಲ, ಕಟ್ಟಿದ ನೆನಪಿದೆ” ಎಂದ ಚಿಕ್ಕೀರ. ಎಲ್ಲರೆದುರು ಒಂದು ದೊಡ್ಡ ತುಂಡು ತಿಂದು ತೊಡೆ ತಟ್ಟಿದ. ಕುಣಿದ, ಹಾರಿದ, ಮಟ್ಟಿಯ ಸುತ್ತ ಓಡಿದ.

“ನೋಡಿದಿರಾ!” ದೊರೆ ಎದ್ದು ನಿಂತ.

ಎರಡನೆಯ ಸುತ್ತಿಗೆ ಓಟ ನಡಿಗೆಯಾಯಿತು. ಮೂರನೆಯದಕ್ಕೆ ನಡಿಗೆ ತೂರಾಟವಾಯಿತು. ಎದುರಾಳಿಯಾಗಿ ನಿಂತಿದ್ದ ಮೈಲಾರಿ ಕೈಚಾಚುವ ಮೊದಲೇ ಚಿಕ್ಕೀರ ಬೆನ್ನಡಿಯಾಗಿ ಧೊಪ್ಪೆಂದು ಬಿದ್ದ.

“ಏಳೋ ಮೋಸಗಾರ! ಮೈಲಾರಿ ನಿನ್ನನ್ನು ಮುಟ್ಟಿಯೇ ಇಲ್ಲ!” ದೊರೆ ಕೂಗಿದ.

ಚಿಕ್ಕೀರ ಮಲಗಿದ್ದಲ್ಲಿಂದಲೇ ಕೈಮುಗಿದ. “ಅದೇ ಇದರ ಮಹಿಮೆ ಪ್ರಭು! ಚುರುಕು ಬಂತು, ಬಂದ ದಾರಿಯಲ್ಲೇ ಹೋಯಿತು. ಮುದ್ದೆ ಉಣ್ಣುತ್ತಿದ್ದಾಗ ನನ್ನನ್ನು ಕೆಡವಲು ಒಬ್ಬನಾದರೂ ಬೇಕಿತ್ತು. ಈಗ ನಾನೊಬ್ಬನೇ ಸಾಕು.”

ಗರಡಿಯೆಲ್ಲ ನಕ್ಕಿತು. ದೊರೆ ಮೀಸೆ ತಿರುವಿ ನಗು ತಡೆಯಲು ನೋಡಿದ, ಆಗಲಿಲ್ಲ, ಅವನೂ ನಕ್ಕ. “ಹಾಲು, ಬಾದಾಮಿ, ಮುದ್ದೆ ಎಲ್ಲ ಈಗಲೇ ಗರಡಿಗೆ ಬರಲಿ! ನಿನಗೇನು ಬೇಕೋ ಕೇಳು.”

“ಒಂದು ಮುದ್ದೆ, ಅವರೆಕಾಳಿನ ಸಾರು. ಮತ್ತೆ ನಾಲ್ಕು ಜನ, ನನ್ನನ್ನು ಎತ್ತಲಿಕ್ಕೆ.”

“ಅದಿರಲಿ, ಉಗ್ರಾಣದ ತುಂಬ ಚಾಕಲೇಟು ಉಳಿದಿದೆಯಲ್ಲೋ, ಅದನ್ನೇನು ಮಾಡೋಣ?”

“ದಸರೆಗೆ ಮುಂಚೆ ಕರಿಕಲ್ಲಿನ ಪೈಲ್ವಾನರಿಗೆ ಉಡುಗೊರೆ ಕಳಿಸಿ, ಪ್ರಭು. ಹತ್ತಾಳಿನ ಬಲ ಬರುತ್ತದೆ ಅಂತ ಹೇಳಲು ಮಾತ್ರ ಮರೆಯಬೇಡಿ.”