ಹೆಗ್ಗಣಕ್ಕೊಂದು ಕೋವಿ

“ಕೇಳ್ರಪ್ಪೋ ಕೇಳಿ! ನಮ್ಮ ದೊಡ್ಡ ಕೆರೆಯ ಏರಿಯನ್ನು ಹೆಗ್ಗಣಗಳು ಕೊರೆದು ಜರಡಿ ಮಾಡಿವೆ. ಅರಸುಕುವರಿ ಪದುಮಾಂಬೆಯವರ ಆಯುಧಶಾಲೆಯಲ್ಲಿ ಕೋವಿಗಳಿಗೆ ಬರವಿಲ್ಲ, ಆದರೆ ಈ ಕೆಲಸಕ್ಕೆ ತಕ್ಕದ್ದು ಒಂದೇ. ಮೂರು ಒಗಟು ಬಿಡಿಸಿ ಅದನ್ನು ಆರಿಸಿದವರಿಗೆ ಅರ್ಧ ರಾಜ್ಯ, ಕುವರಿಯೊಡನೆ ಮದುವೆ. ತಪ್ಪಿದವರು ಚಾಪೆ ಹಿಡಿದು ಏರಿಯ ಕೆಳಗೆ ಹೋಗಿ ಮಲಗಬೇಕು. ಏರಿ ಒಡೆದ ದಿನ ಮೊದಲು ಸಾಯುವವರು ಅವರೇ!”

ಡಂಗುರದವನು ಇದನ್ನು ಏರಿಯ ಕೆಳಗಿನ ಕೇರಿಯಲ್ಲೂ ಸಾರಿಕೊಂಡು ಹೋದ. ತಾನು ಯಾರ ಮನೆಮುಂದೆ ಏನು ಸಾರುತ್ತಿದ್ದೇನೆಂದು ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಕೆರೆಯ ತೂಬು ತೆಗೆದು ಮುಚ್ಚುವ ನೀರುಗಂಟಿ ಮಾರ ತನ್ನ ತಾಯಿ ಕಲ್ಲವ್ವನ ಜೊತೆ ಆ ಕೇರಿಯಲ್ಲೇ ಇದ್ದ. ಅಲ್ಲಿಯವರ ಕನಸುಗಳೆಲ್ಲ ಒದ್ದೆ. ಕಣ್ಣು ಮುಚ್ಚಿದರೆ ಸಾಕು, ಜಂತೆಗಳ ನಡುವೆ ಮೀನು ಈಜುತ್ತಿದ್ದವು, ಒಲೆಯಲ್ಲಿ ತಾವರೆ ಅರಳುತ್ತಿತ್ತು. ಬೆಳಗ್ಗೆ ಎದ್ದು ಹೆಂಗಸರು ಒಬ್ಬರನ್ನೊಬ್ಬರು ಕೇಳುತ್ತಿದ್ದುದು ಒಂದೇ ಮಾತು: “ನಿನ್ನ ಕನಸಲ್ಲಿ ನೀರು ಎಷ್ಟುದ್ದ ಬಂತು?” ಕಲ್ಲವ್ವನ ಕನಸಲ್ಲಿ ಸೊಂಟದವರೆಗಿದ್ದ ನೀರು ಅಂದು ಕುತ್ತಿಗೆಗೆ ಬಂದಿತ್ತು. ಅದನ್ನು ಕೇಳಿ ಮಾರ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ಅರಮನೆಯ ದಾರಿ ಹಿಡಿದ.

ಅಲ್ಲಿ ಸೇನಾಪತಿಯ ಮಗ ವೀರಮಲ್ಲ ಮೀಸೆ ತಿರುವುತ್ತ ಎಲ್ಲರಿಗಿಂತ ಮುಂದೆ ನಿಂತಿದ್ದ. ಕುವರಿ ಮೊದಲ ಒಗಟು ಹಾಕಿದಳು. “ಹೊಡೆಯಬೇಕಾದದ್ದನ್ನು ಹೊಡೆದು, ಅದರ ಹಿಂದಿರುವುದನ್ನು ಉಳಿಸುವುದು ಯಾವುದು?”

“ಆನೆ ಕೆಡಹುವ ಕೋವಿಗೆ ಹೆಗ್ಗಣ ಯಾವ ಲೆಕ್ಕ?” ಎಂದು ವೀರಮಲ್ಲ ಆಳುಗಳ ಹೆಗಲ ಮೇಲೆ ದೊಡ್ಡ ಕೋವಿ ಹೊರಿಸಿಕೊಂಡು ಏರಿಗೆ ಹೋಗಿ ಢಂ ಎನಿಸಿದ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ! ಹೆಗ್ಗಣ ತಪ್ಪಿಸಿಕೊಂಡಿತು. ಏರಿಯ ಮಣ್ಣು ಬಂಡಿಗಾಲಿಯಷ್ಟು ಕಿತ್ತುಬಂದು ನೀರು ಜಿನುಗತೊಡಗಿತು. ವೀರಮಲ್ಲನ ಕೈಗೆ ಚಾಪೆ ಬಂತು.

ಅದನ್ನು ಕಂಡ ವರ್ತಕನ ಮಗ ರತ್ನಪಾಲ ಜಾಣತನದಿಂದ ಸಣ್ಣ ಬಾಯಿಯ ಕೋವಿಗಳ ಸಾಲಿಗೆ ಹೋದ. ಕುವರಿ ತಲೆದೂಗಿ ಎರಡನೆಯದನ್ನು ಕೇಳಿದಳು. “ಮರದ ಮಡಿಲಲ್ಲಿ ಮಲಗಿರುತ್ತಾಳೆ, ಮರವನ್ನು ಮುಟ್ಟುವುದಿಲ್ಲ. ಯಾರವಳು?” ರತ್ನಪಾಲ ದಂತದ ಕುಸುರಿಯಿದ್ದ ಕೋವಿಯೊಂದನ್ನು ಎತ್ತಿಕೊಂಡ. ಅದರ ಗುಂಡು ಹಾಯುವ ನಳಿಗೆ ಅಡಿಯ ಮರದ ದಿಂಡಿಗೆ ಕೂದಲೂ ತೂರದಂತೆ ಅಂಟಿ ಕೂತಿತ್ತು. ಅವನಿಗೂ ಒಂದು ಚಾಪೆ ಸಿಕ್ಕಿತು. ಆಮೇಲೆ ಬಂದವರಿಗೆಲ್ಲ ಹಂಚಿ ಹಂಚಿ ಅರಮನೆಯಲ್ಲಿ ಚಾಪೆಗಳೇ ಮುಗಿಯುತ್ತ ಬಂದವು.

ಕೊನೆಗೆ ಮಾರ ಕೈಮುಗಿದು ನಿಂತ.

“ತಪ್ಪಿದರೆ ಎಲ್ಲಿ ಮಲಗಬೇಕು, ಗೊತ್ತಲ್ಲ?” ಎಂದಳು ಪದುಮಾಂಬೆ.

“ಗೊತ್ತು ಅಮ್ಮಣ್ಣಿ. ಅಲ್ಲಿಂದ್ಲೇ ಎದ್ದು ಬಂದೆ. ನಮ್ಮನೆ ಇರೋದೇ ಅಲ್ಲಿ.”

ಕುವರಿಯ ಮುಖ ಕಪ್ಪಿಟ್ಟಿತು. ಅವಳು ಸಂಜೆ ತಿರುಗಾಡಲು ಬಂದಾಗ ಏರಿಯ ಮೇಲೆ ನಿಂತು ನೀರಿನ ಕಡೆ ನೋಡಿದವಳೇ ಹೊರತು ಒಮ್ಮೆಯೂ ಈಚೆ ಕೇರಿಯ ಕಡೆ ಬಗ್ಗಿ ನೋಡಿದವಳಲ್ಲ. ಅವಳಿಗೆ ನಾಚಿಕೆಯಾಯಿತು. ಆದರೂ ಸಾರಿದ ಮಾತು ಸಾರಿದ್ದೇ.

ಮಾರ ಸಣ್ಣ ಬಾಯಿಯ ಕೋವಿಗಳ ಮುಂದೆ ಕೂತು, ವಲ್ಲಿಯ ಅಂಚಿನಿಂದ ನೂಲೊಂದನ್ನು ಎಳೆದು, ನಳಿಗೆಗೂ ಮರಕ್ಕೂ ನಡುವೆ ತೂರಿಸುತ್ತ ಹೋದ. ನೂಲು ಸರಾಗವಾಗಿ ಹರಿದದ್ದು ಎರಡೇ ಕೋವಿಗಳಲ್ಲಿ. ಎರಡೂ ಸಾದಾ ಕೋವಿಗಳು. ಬಾಗಿಲಿಗೆ ಚಿಲಕ ಜಡಿದಂತೆ ಗುಂಡನ್ನು ಒಳಗಿಟ್ಟು ಬಿಗಿಯಾಗಿ ಮುಚ್ಚುವಂಥವು.

ಕಾವಲಿನವರು ಎರಡರಿಂದಲೂ ಹಲಗೆಗೆ ಐದೈದು ಗುಂಡು ಹೊಡೆದರು. ಮೊದಲನೆಯದರ ಒಂದು ಗುಂಡು ನಟ್ಟನಡುವಿನ ಬೊಟ್ಟಿಗೇ ಬಿತ್ತು, ಉಳಿದವು ಚೆಲ್ಲಾಪಿಲ್ಲಿ. ಎರಡನೆಯದರ ಐದೂ ಗುಂಡು ಬೊಟ್ಟಿನಿಂದ ಗೇಣು ದೂರ, ಎಡಕ್ಕೆ, ಒಂದು ಎಲಚಿಹಣ್ಣು ಮುಚ್ಚುವಷ್ಟು ಜಾಗದಲ್ಲಿ ಒತ್ತೊತ್ತಾಗಿ ಬಿದ್ದವು.

“ಯಾವಾಗಲೂ ತಪ್ಪುತ್ತದೆ, ಆದರೂ ಒಮ್ಮೆಯೂ ಸುಳ್ಳು ಹೇಳುವುದಿಲ್ಲ. ಯಾವುದದು?” ಎಂದು ಕುವರಿ ಮೂರನೆಯದನ್ನು ಕೇಳಿದಳು.

“ಬೊಟ್ಟು ಹೊಡೆದದ್ದನ್ನು ತಗೊಳ್ಳೋ!” ಎಂದು ಜನ ಕೂಗಿದರು. ಮಾರನ ಕೈ ಅತ್ತ ಚಾಚಿತು. ಕುತ್ತಿಗೆಮಟ್ಟದ ನೀರಲ್ಲಿ ನಿಂತ ಅವ್ವ ಕಣ್ಣ ಮುಂದೆ ಬಂದಳು. ಎಂದೋ ತೀರಿಹೋದ ಅಪ್ಪನೂ ಅವಳ ಹಿಂದೆಯೇ ನೆನಪಾದ. ಮಾರ ಎರಡನೆಯ ಕೋವಿಯನ್ನು ಎತ್ತಿಕೊಂಡ.

“ಏಕೆ?” ಎಂದಳು ಕುವರಿ.

“ನಮ್ಮಪ್ಪ ಯಾವತ್ತೂ ಹೇಳಿದ್ ಹೊತ್ಗೆ ಬಂದೋನಲ್ಲ, ಅಮ್ಮಣ್ಣಿ. ಹೊತ್ತು ಮುಳುಗೋ ಹೊತ್ಗೆ ಬತ್ತೀನಿ ಅಂದ್ರೆ ದೀಪ ಹಚ್ಚೋ ಹೊತ್ಗೆ ಬರೋನು. ದಿನಾ ಅಷ್ಟೇ ತಡ. ಅವ್ವ ಅಷ್ಟೇ ತಡವಾಗಿ ಮುದ್ದೆ ತಿರುವೋಳು. ಅಪ್ಪ ಒಂದಿನಾನೂ ಆರಿದ ಮುದ್ದೆ ಉಣ್ಣಲಿಲ್ಲ. ಈ ಕೋವೀನೂ ಹಂಗೇ. ಗುರಿ ನೋಡೋ ಕಡ್ಡಿ ಒಂಚೂರು ಸರಿಸಿದ್ರೆ ಮುಗೀತು. ಇನ್ನೊಂದೈತಲ್ಲ, ಅದು ನಾಳೆ ಎಲ್ಲಿಗೆ ಹೊಡೀತದೋ ಅದಕ್ಕೇ ಗೊತ್ತಿಲ್ಲ.”

“ಮರವನ್ನು ಮುಟ್ಟದವಳು?”

“ನಳಿಗೆ. ನಮ್ಮ ಕೇರಿ ಬಾಗಿಲೆಲ್ಲ ತೇವಕ್ಕೆ ಉಬ್ಬಿ ಚೌಕಟ್ಟಿಗೆ ಕಚ್ಕೊತವೆ. ಮರ ಉಬ್ಬಿ ನಳಿಗೆ ಒತ್ತಿದ್ರೆ ಗುಂಡು ದಾರಿ ತಪ್ತದೆ. ಮೊದಲನೇ ಒಗಟಂತೂ, ಇಲಿ ಬಂತು ಅಂತ ಯಾರಾದ್ರೂ ಮನೇಗೆ ಬೆಂಕಿ ಇಡ್ತಾರಾ? ಸಣ್ಣ ಗುಂಡು ಹೆಗ್ಗಣಕ್ಕೆ ಸಾಕು, ಏರಿಗೆ ನೋವಿಲ್ಲ.”

ಕಡ್ಡಿ ಸರಿಸಿ ಹೊಡೆದಾಗ ಗುಂಡು ಬೊಟ್ಟಿಗೇ ಬಿತ್ತು. ಏರಿಯ ಬಿಲದ ಬಾಯಲ್ಲಿ ಹೆಗ್ಗಣವೊಂದು ಉರುಳಿತು, ಮಣ್ಣು ಮಿಸುಕಲಿಲ್ಲ.

“ಅರ್ಧ ರಾಜ್ಯ ನಿನ್ನದು. ಮದುವೆಗೆ ದಿನ ನೋಡಿಸುತ್ತೇನೆ,” ಎಂದಳು ಪದುಮಾಂಬೆ.

“ಅದೆಲ್ಲ ಆಮೇಲೆ ಅಮ್ಮಣ್ಣಿ. ಒಂದು ಮಧ್ಯಾಹ್ನ ನಮ್ಮನೇಲಿ ಉಂಡು, ಮಲಗೆದ್ದು ಹೋಗಿ.”

ಕುವರಿ ಬಂದಳು. ಕಲ್ಲವ್ವನ ಕೈಯ ಮುದ್ದೆ ಉಂಡು ಚಾಪೆಯ ಮೇಲೆ ಅಡ್ಡಾದಳು. ರೆಪ್ಪೆ ಕೂಡಿದ್ದೇ ತಡ, ಜಂತೆಗಳ ನಡುವೆ ಬೆಳ್ಳಿಮೀನುಗಳು ಸುಳಿದವು, ತೊಟ್ಟಿಲೊಂದು ಸದ್ದಿಲ್ಲದೆ ತೇಲಿಹೋಯಿತು, ನೀರು ಮೆಲ್ಲಗೆ ತುಟಿ ದಾಟಿತು. ಅವಳು ಬೆಚ್ಚಿ ಎದ್ದು ಹೊರಗೆ ಬಂದಳು. ಅರ್ಧ ಆಕಾಶವನ್ನು ಮುಚ್ಚಿಕೊಂಡು ಏರಿ ತಲೆಯ ಮೇಲೆ ನಿಂತಿತ್ತು.

“ಎಷ್ಟುದ್ದ ಬಂತವ್ವಾ ನೀರು?” ಎಂದು ಕೇಳಿದಳು ಕಲ್ಲವ್ವ.

“ಮೂಗಿನವರೆಗೆ,” ಎಂದು ಕುವರಿ ಅತ್ತುಬಿಟ್ಟಳು.

ಅವಳು ಅರಮನೆಗೆ ಹಿಂದಿರುಗಲಿಲ್ಲ. ಅರಮನೆಯೇ ಕಲ್ಲು ಕಲ್ಲಾಗಿ ಇಳಿದು ಏರಿಯ ಕೆಳಗೆ ಬಂತು. ಮಾರ ಹೆಗ್ಗಣಗಳನ್ನು ಹೊಡೆದ. ಚಾಪೆ ಹಿಡಿದು ಬಂದಿದ್ದ ವೀರಮಲ್ಲ, ರತ್ನಪಾಲರು ಜೀವದಾಸೆಗೆ ಮಣ್ಣು ಹೊತ್ತು ಬಿಲ ಮುಚ್ಚಿದರು. ತನ್ನ ತಲೆಯ ಮೇಲೇ ಏರಿಯಿದ್ದರೆ ಯಾರೂ ಸೋಮಾರಿಯಾಗುವುದಿಲ್ಲ, ನೋಡಿ.

ಮದುವೆಯ ಮರುದಿನ ಬೆಳಗ್ಗೆ ಕಲ್ಲವ್ವ ಸೊಸೆಯನ್ನು ಅದೇ ಮಾತು ಕೇಳಿದಳು.

“ನೀರು ಬರಲೇ ಇಲ್ಲ ಅತ್ತೆ,” ಎಂದಳು ಪದುಮಾಂಬೆ. “ಇವತ್ತು ಕನಸಲ್ಲಿ ನೆಲ ಒಣಗಿತ್ತು. ಯಾರೋ ರಾಗಿ ಹರವಿದ್ದರು.”

ಅವರ ಕೆರೆ ತುಂಬಿರಲಿ, ನಮ್ಮ ನಿಮ್ಮ ಮನೆಯ ನೆಲ ಒಣಗಿರಲಿ.