ತುಕ್ಕಿನ ಅಭಯ

ಪೀರಪ್ಪ ಮೇಸ್ತ್ರಿ ಹಳೆಯ ಕಾರಿನ ಹಿಂದಿನ ಚಕ್ರ ಬಿಚ್ಚಿದೊಡನೆ ಒಳಗಿದ್ದ ಬ್ರೇಕ್ ಡಿಸ್ಕ್ ಗಡಗಡ ನಡುಗಿತು. "ಕಳಚಿದರೆ ನನಗೆ ಗುಜರಿಯೇ ಗತಿ, ಗಟ್ಟಿಯಾಗಿ ಹಿಡಿದುಕೋ," ಎಂದು ತನ್ನನ್ನು ಚಕ್ರದ ಅಚ್ಚಿಗೆ ಅಂಟಿಸಿದ್ದ ತುಕ್ಕನ್ನು ಬೇಡಿಕೊಂಡಿತು.

"ಹೆದರಬೇಡ, ನಾನಿದ್ದೇನೆ," ಎಂದಿತು ತುಕ್ಕು.

ಸುತ್ತಿಗೆ ಎಷ್ಟು ಬಡಿದರೂ ಡಿಸ್ಕ್ ಕದಲಲಿಲ್ಲ. ಮೇಸ್ತ್ರಿ ಅದನ್ನು ಹೊರಗೆ ತಳ್ಳಲು ಅದರ ತೂತಿಗೆ ಬೋಲ್ಟ್ ಹಾಕಿ ತಿರುಗಿಸತೊಡಗಿದ. "ನೀನು ಸವೆದು ಬಿರುಕು ಬಿಟ್ಟಿದ್ದೀಯೆ," ಎಂದಿತು ಬೋಲ್ಟ್. "ನಾಳೆ ಘಾಟಿಯಲ್ಲಿ ಕಾರು ನಿಲ್ಲದಿದ್ದರೆ ಒಳಗಿದ್ದವರ ಪಾಡೇನು?"

ಮೊನ್ನೆ ಇಳಿಜಾರಿನಲ್ಲಿ ಬ್ರೇಕ್ ಸರಿಯಾಗಿ ಹಿಡಿಯದೆ ಕಾರಿನೊಳಗಿದ್ದ ಮಕ್ಕಳು ಕಿರುಚಿದ್ದು ಡಿಸ್ಕಿಗೆ ನೆನಪಾಯಿತು. ಆ ಭಯದ ಮುಂದೆ ಗುಜರಿಯ ಭಯ ಏನೂ ಅಲ್ಲವೆನಿಸಿತು. "ಬಿಡು ನನ್ನನ್ನು!" ಎಂದು ತುಕ್ಕಿಗೆ ಕೂಗಿ ಹೇಳಿತು.

"ನನಗೆ ಹಿಡಿಯುವುದಷ್ಟೇ ಗೊತ್ತು," ಎಂದಿತು ತುಕ್ಕು.

ಬೋಲ್ಟ್ ಇನ್ನೊಂದು ಸುತ್ತು ತಿರುಗಿತು. ಡಿಸ್ಕ್ ಚೀರಿಕೊಂಡು ಹೊರಬಂತು. ಅದರದೊಂದು ಚೂರು ಮಾತ್ರ ತುಕ್ಕಿನ ಹಿಡಿತದಲ್ಲೇ ಉಳಿಯಿತು.