ಗೀಜಗನ ಗೂಡಿಗೆ ಬಾವುಟ

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗವೊಂದು ಗೂಡು ನೇಯುತ್ತಿತ್ತು. ಹೆಣ್ಣು ಬಂದು ಗೂಡು ನೋಡಿ ಒಪ್ಪಿದರೆ ಸಂಸಾರ, ಒಪ್ಪದಿದ್ದರೆ ಆ ವರ್ಷವೆಲ್ಲ ಬ್ರಹ್ಮಚರ್ಯ. ಇದು ಗೀಜಗರ ಕುಲದ ಕಟ್ಟಳೆ. ಅರ್ಧ ನೇಯುವಷ್ಟರಲ್ಲೇ ಅದರ ಕೊಕ್ಕು ಸೋತಿತು. "ಹುಲ್ಲು ಎಲ್ಲರ ಗೂಡಲ್ಲೂ ಇದೆ. ನನ್ನ ಗೂಡು ಕಂಡವರು ಎದ್ದು ನಿಲ್ಲಬೇಕು" ಎಂದುಕೊಂಡು ಶಾಲೆಯ ಬಯಲಿಗೆ ಹಾರಿ, ಸ್ವಾತಂತ್ರ್ಯದ ಹಬ್ಬ ಮುಗಿದ ಮೇಲೆ ಬಿದ್ದಿದ್ದ ಕಾಗದದ ಬಾವುಟಗಳನ್ನು ಹೆಕ್ಕಿ ತಂದಿತು. ಜೊತೆಗೆ ಒಂದು ನವಿಲುಗರಿ, ನಾಲ್ಕು ತಾವರೆ ದಳ.

ಕಾಗೆ ನೋಡಿ, "ಏನಯ್ಯಾ, ಇದು ಗೂಡೋ, ಮೆರವಣಿಗೆಯೋ?" ಎಂದಿತು.

"ಹೊಟ್ಟೆಕಿಚ್ಚು ಬೇಡ ಕಾಗಣ್ಣ. ರಾಷ್ಟ್ರಪಕ್ಷಿಯ ಗರಿ, ರಾಷ್ಟ್ರಪುಷ್ಪದ ದಳ! ಇಂಥ ಮನೆ ಬೇಡವೆನ್ನುವ ಹೆಣ್ಣು ಇನ್ನೂ ಮೊಟ್ಟೆಯೊಡೆದು ಬಂದಿಲ್ಲ."

ಹೆಣ್ಣು ಬಂತು. ಬಾವುಟಕ್ಕೆ ತಲೆಬಾಗಿತು, ಗರಿಯನ್ನು ಹೊಗಳಿತು. ಆಮೇಲೆ ಒಳಗೆ ಇಣುಕಿದರೆ, ಕೆಳಗೆ ನೇರ ಬಾವಿಯ ನೀರು!

"ರಾಯರೇ, ಮೊಟ್ಟೆ ಎಲ್ಲಿಡಲಿ?"

"ತಳ ಆಮೇಲೆ ಹೆಣೆದರಾಯಿತು. ಮೊದಲು ಗೂಡಿನ ಘನತೆ ನೋಡಿ."

"ನೋಡಿದೆ. ನನ್ನ ಮೊಟ್ಟೆಗಳಿಗೆ ಈಜು ಬರುವುದಿಲ್ಲ" ಎಂದು ಹೆಣ್ಣು ಪಕ್ಕದ ಕೊಂಬೆಯ ಬರೀ ಹುಲ್ಲಿನ ಗೂಡಿಗೆ ಹೋಗಿ ಕೂತಿತು.

ಗೀಜಗ ಎದೆಯುಬ್ಬಿಸಿ, "ದೇಶದ್ರೋಹಿ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿತು. ಮರುದಿನ ಬೆಳಗಾಗುತ್ತಲೇ ಅದು ಹೊರಟದ್ದನ್ನು ಕಂಡು ಕಾಗೆ ಕೇಳಿತು: "ಬುದ್ಧಿ ಬಂತೇ? ತಳಕ್ಕೆ ಹುಲ್ಲು ತರುತ್ತೀಯೋ?"

"ತಪ್ಪು ಎಲ್ಲಾಯಿತೆಂದು ತಿಳಿಯಿತು ಕಾಗಣ್ಣ. ಬಾವುಟ ಸಣ್ಣದಾಗಿತ್ತು."